ಬಿಷಪ್, ಡೀಕನ್, ಪೋಪ್: ಈ ಹೆಸರುಗಳು ಎಲ್ಲಿಂದ ಬಂದವು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೆ ಸ್ಕೂಲಿನಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನೇ ದೊಡ್ಡವರೂ ಕೇಳುತ್ತಾರೆ. ಬಿಷಪ್ ಅಂದರೆ ಏನು? ಪೋಪ್ ಎನ್ನುವ ಪದ ಬೈಬಲಿನಲ್ಲಿ ಇದೆಯಾ? ಹೆಂಗಸರು ಡೀಕನ್ ಆಗಿದ್ದರಾ? ಉತ್ತರ ಹುಡುಕುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಈ ಹೆಸರುಗಳಲ್ಲಿ ಹೆಚ್ಚಿನವು ಶುರುವಿನಲ್ಲಿ ಬಿರುದುಗಳಲ್ಲ. ದಿನನಿತ್ಯದ ಮಾತುಗಳು. ನೋಡಿಕೊಳ್ಳುವವನು, ಹಿರಿಯ, ಊಟ ಬಡಿಸುವವನು, ಸುದ್ದಿ ಒಯ್ಯುವವನು, ಅಪ್ಪ. ಇಲ್ಲಿ ಹೇಳಿರುವುದು ಮುಖ್ಯವಾಗಿ ಮೊದಲ ಐದು ಶತಮಾನಗಳ ಕಥೆ.

ಯೇಸು ಸ್ವಾಮಿಯೇ ಬಿಷಪ್ ಹುದ್ದೆಯನ್ನು ಮಾಡಿಟ್ಟು ಹೋದರಾ?

ನಾಲ್ಕು ಸುವಾರ್ತೆಗಳನ್ನು ಹುಡುಕಿದರೂ ಬಿಷಪ್ ಎನ್ನುವ ಹುದ್ದೆ ಸಿಗುವುದಿಲ್ಲ. ಹನ್ನೆರಡು ಮಂದಿಯನ್ನು ಆರಿಸಿ ಅವರಿಗೆ ಅಪೊಸ್ತಲರು ಎಂದು ಹೆಸರಿಟ್ಟರು ಎಂದು ಲೂಕನ ಸುವಾರ್ತೆ ಹೇಳುತ್ತದೆ. ಗ್ರೀಕಿನಲ್ಲಿ ಅಪೊಸ್ತೊಲೊಸ್ ಎಂದರೆ ಒಬ್ಬರು ಕಳಿಸಿದ ಮನುಷ್ಯ, ಅವರ ಪರವಾಗಿ ಹೋಗಿ ಮಾತಾಡಿ ಬರುವವನು. ಹಿರಿಯರು ಎನ್ನುವ ಪದವೂ ಬರುತ್ತದೆ, ಆದರೆ ಅದು ಯೆಹೂದಿ ಸಮಾಜದ ಹಿರಿಯರ ಬಗ್ಗೆ.

ಡೀಕನ್ ಪದದ ಮೂಲವಾದ ದಿಯಾಕೊನೊಸ್ ಮಾತ್ರ ಅಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ. ಕಾನಾ ಊರಿನ ಮದುವೆ ಮನೆಯ ಕಥೆ ಗೊತ್ತಲ್ವಾ? ದ್ರಾಕ್ಷಾರಸ ಮುಗಿದುಹೋಗಿತ್ತು. ಆರು ಕಲ್ಲಿನ ಬಾನೆಗಳಿಗೆ ಕಂಠದವರೆಗೆ ನೀರು ತುಂಬಿ, ಆಮೇಲೆ ತೋಡಿಕೊಂಡು ಹೋಗಿ ಕೊಟ್ಟ ಕೆಲಸದವರನ್ನು ಯೋಹಾನನ ಸುವಾರ್ತೆ ದಿಯಾಕೊನೊಯ್ ಎಂದೇ ಕರೆಯುತ್ತದೆ. ಆ ರಸ ಎಲ್ಲಿಂದ ಬಂತೆಂದು ಔತಣದ ಯಜಮಾನಿಕೆ ಮಾಡುತ್ತಿದ್ದವನಿಗೆ ತಿಳಿಯಲಿಲ್ಲ, ನೀರು ತೋಡಿದವರಿಗೆ ಮಾತ್ರ ತಿಳಿದಿತ್ತು ಎಂದೂ ಅಲ್ಲಿ ಬಿಡಿಸಿ ಬರೆದಿದೆ. ಡೀಕನ್ ಎಂಬ ಪದ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ನೀರು ಹೊತ್ತವರು.

ಬಿಷಪ್ ಎಂಬ ಪದದ ಮೂಲ ಅರ್ಥ ಏನು?

ಗ್ರೀಕಿನ ಎಪಿಸ್ಕೊಪೊಸ್. ಎಪಿ ಅಂದರೆ ಮೇಲೆ, ಸ್ಕೊಪೊಸ್ ಅಂದರೆ ನೋಡುವವನು. ಒಟ್ಟಿಗೆ, ಮೇಲಿನಿಂದ ಕಣ್ಣಿಟ್ಟು ನೋಡಿಕೊಳ್ಳುವವನು. ಇದು ಲ್ಯಾಟಿನ್ನಿಗೆ ಹೋಗಿ ಎಪಿಸ್ಕೊಪಸ್ ಆಯಿತು, ಹಳೆಯ ಇಂಗ್ಲಿಷಿನಲ್ಲಿ ತಲೆಯೂ ಬಾಲವೂ ಸವೆದು ಬಿಸ್ಕೊಪ್ ಆಯಿತು, ಅಲ್ಲಿಂದ ಬಿಷಪ್.

ಕ್ರೈಸ್ತರಿಗಿಂತ ಮೊದಲೇ ಈ ಪದ ಬಳಕೆಯಲ್ಲಿತ್ತು. ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಅಥೆನ್ಸ್ ತನ್ನ ಕೈಕೆಳಗಿನ ಊರುಗಳಿಗೆ ಕಳಿಸುತ್ತಿದ್ದ ತನಿಖೆ ಅಧಿಕಾರಿಗಳಿಗೆ ಇದೇ ಹೆಸರು. ಹೀಬ್ರೂ ಗ್ರಂಥಗಳ ಗ್ರೀಕ್ ಅನುವಾದದಲ್ಲೂ ಮೇಲ್ವಿಚಾರಕರಿಗೆ ಇದೇ ಪದ ಬರುತ್ತದೆ. ನಮ್ಮ ಕಡೆ ಕಟ್ಟಡದ ಕೆಲಸಕ್ಕೋ ತೋಟದ ಕೆಲಸಕ್ಕೋ ಒಬ್ಬ ಮೇಸ್ತ್ರಿ ಇರುತ್ತಾನಲ್ಲ, ಹೆಚ್ಚು ಕಡಿಮೆ ಆ ಜಾತಿಯ ಪದ.

ಇಲ್ಲಿ ಕನ್ನಡದ ಬೈಬಲ್ ಅನುವಾದಕರನ್ನು ಮೆಚ್ಚಲೇಬೇಕು. ಅವರು ಇದಕ್ಕೆ ಅಧ್ಯಕ್ಷ, ಸಭಾಧ್ಯಕ್ಷ ಎಂಬ ಪದ ಹಾಕಿದರು. ಇವತ್ತು ಅಧ್ಯಕ್ಷ ಎಂದರೆ ಸಭೆಯ ವೇದಿಕೆಯಲ್ಲಿ ನಡುವಿನ ಕುರ್ಚಿ, ಹಾರ, ಶಾಲು ನೆನಪಾಗುತ್ತದೆ. ಆದರೆ ಪದವನ್ನು ಬಿಡಿಸಿ ನೋಡಿ: ಅಧಿ ಮತ್ತು ಅಕ್ಷ. ಮೇಲೆ, ಮತ್ತು ಕಣ್ಣು. ಎಪಿಸ್ಕೊಪೊಸ್ ಹೇಗೆ ಕಟ್ಟಿದ ಪದವೋ ಅಧ್ಯಕ್ಷವೂ ಹಾಗೆಯೇ ಕಟ್ಟಿದ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಾಯ ನೋಡಿಕೊಳ್ಳುವವನು ಸೀತಾಧ್ಯಕ್ಷ, ನೂಲುವ ನೇಯುವ ಕೆಲಸ ನೋಡಿಕೊಳ್ಳುವವನು ಸೂತ್ರಾಧ್ಯಕ್ಷ, ಹೆಂಡದ ವ್ಯವಹಾರ ನೋಡಿಕೊಳ್ಳುವವನು ಸುರಾಧ್ಯಕ್ಷ. ಎಲ್ಲರೂ ಲೆಕ್ಕ ಇಟ್ಟು ಕಣ್ಣಿಟ್ಟು ಕಾಯುವ ಅಧಿಕಾರಿಗಳೇ. ಎರಡು ದೂರದ ಭಾಷೆಗಳು ಒಂದೇ ಕೆಲಸಕ್ಕೆ ಒಂದೇ ರೀತಿಯಲ್ಲಿ ಹೆಸರಿಟ್ಟಿವೆ. ಇದು ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು.

ಪ್ರೆಸ್ಬಿಟರ್ ಅಂದರೆ ಪೂಜಾರಿಯಾ?

ಅಲ್ಲ. ಪ್ರೆಸ್ಬಿತೆರೊಸ್ ಅಂದರೆ ವಯಸ್ಸಿನಲ್ಲಿ ದೊಡ್ಡವರು, ಹಿರಿಯರು. ಯೆಹೂದಿ ಊರುಗಳಲ್ಲಿ ವ್ಯಾಜ್ಯ ತೀರಿಸುವುದು, ಸಭೆಯ ವ್ಯವಹಾರ ನೋಡುವುದು ಹಿರಿಯರ ಕೆಲಸವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರನ್ನು ಹಿರಿಯರು ಎಂದೇ ಕರೆಯುತ್ತೇವಲ್ವಾ, ಹಾಗೆ. ಮೊದಲ ಕ್ರೈಸ್ತರು ಯೆಹೂದಿಗಳೇ ಆಗಿದ್ದರಿಂದ ಆ ಏರ್ಪಾಡು ಅವರ ಜೊತೆಯಲ್ಲೇ ಬಂತು.

ಗೊಂದಲ ಹುಟ್ಟಿದ್ದು ಇಂಗ್ಲಿಷಿನಿಂದ. ಪ್ರೆಸ್ಬಿಟರ್ ಪದವೇ ಸವೆದು ಇಂಗ್ಲಿಷಿನ ಪ್ರೀಸ್ಟ್ ಆಯಿತು. ಬಲಿ ಕೊಡುವ ಯಾಜಕನಿಗೆ ಗ್ರೀಕಿನಲ್ಲಿ ಬೇರೆಯೇ ಪದವಿದೆ, ಹಿಯೆರ್ಯೂಸ್. ಇಂಗ್ಲಿಷಿನಲ್ಲಿ ಆ ಎರಡಕ್ಕೂ ಪ್ರೀಸ್ಟ್ ಎಂದೇ ಹೇಳಿಬಿಡುತ್ತಾರೆ. ಕನ್ನಡದಲ್ಲಿ ಹಿರಿಯ ಬೇರೆ, ಯಾಜಕ ಬೇರೆ ಎಂದು ಉಳಿದಿರುವುದು ಓದುವವರಿಗೆ ದೊಡ್ಡ ಉಪಕಾರ.

ಹಾಗಾದರೆ ಬಿಷಪ್ ಮತ್ತು ಪ್ರೆಸ್ಬಿಟರ್ ಮೊದಲಿನಿಂದಲೂ ಬೇರೆ ಬೇರೆಯಾ?

ಇದು ಈ ಇಡೀ ವಿಷಯದ ನಡುವಿನ ಗಂಟು. ಸ್ವಲ್ಪ ನಿಧಾನವಾಗಿ ನೋಡೋಣ.

ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ತೆಗೆಯಿರಿ. ಊರೂರಿಗೆ ಹೋಗಿ ಸುವಾರ್ತೆ ಸಾರಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲರು ಜೆರುಸಲೇಮಿಗೆ ಹೊರಟಿದ್ದಾರೆ. ಪಂಚಾಶತ್ತಮ ಹಬ್ಬದ ಹೊತ್ತಿಗೆ ಅಲ್ಲಿರಬೇಕೆಂಬ ಅವಸರ. ಎಫೆಸಕ್ಕೆ ಹೋಗದೆ ಮಿಲೇತದಲ್ಲೇ ನಿಂತು, ಎಫೆಸದ ಸಭೆಯ ಹಿರಿಯರನ್ನು ಕರೆಸುತ್ತಾರೆ. 17ನೇ ವಚನದಲ್ಲಿ ಅವರಿಗೆ ಪ್ರೆಸ್ಬಿತೆರೊಯ್ ಎಂಬ ಹೆಸರು. ಆಮೇಲೆ 28ನೇ ವಚನದಲ್ಲಿ ಪೌಲರು ಅದೇ ಜನರ ಮುಖ ನೋಡಿ, ಪವಿತ್ರಾತ್ಮನು ನಿಮ್ಮನ್ನು ಈ ಹಿಂಡಿಗೆ ಎಪಿಸ್ಕೊಪೊಯ್ ಆಗಿ ಇಟ್ಟಿದ್ದಾನೆ ಎನ್ನುತ್ತಾರೆ. ಅದೇ ಜನ. ಅದೇ ಮಾತುಕತೆ. ಹೆಸರು ಮಾತ್ರ ಎರಡು. ಇನ್ನು ನನ್ನ ಮುಖ ನೋಡುವುದಿಲ್ಲ ಎಂದು ಪೌಲರು ಹೇಳಿದಾಗ ಅವರೆಲ್ಲ ಅತ್ತು, ಕೊರಳು ತಬ್ಬಿ ಮುದ್ದಿಟ್ಟು, ಹಡಗಿನವರೆಗೆ ಹೋಗಿ ಕಳಿಸಿಕೊಟ್ಟರು. ಆ ಗುಂಪಿನಲ್ಲಿ ಬಿಷಪ್ ಯಾರು, ಪ್ರೆಸ್ಬಿಟರ್ ಯಾರು ಎಂದು ಕೇಳಿದರೆ ಅರ್ಥವೇ ಇಲ್ಲ.

ತೀತನಿಗೆ ಬರೆದ ಪತ್ರದಲ್ಲೂ ಹೀಗೆಯೇ. ಕ್ರೇತ ದ್ವೀಪದ ಪ್ರತಿ ಊರಿನಲ್ಲೂ ಹಿರಿಯರನ್ನು ನೇಮಿಸು ಎಂದು ಶುರುವಾಗಿ, ಎರಡು ವಚನ ಕಳೆಯುವಷ್ಟರಲ್ಲಿ ಯಾಕಂದರೆ ಸಭಾಧ್ಯಕ್ಷ ಹೀಗಿರಬೇಕು ಎಂದು ಮುಂದುವರಿಯುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲಿ ಸಭಾಧ್ಯಕ್ಷರಿಗೂ ಸಭಾಸೇವಕರಿಗೂ, ಅಂದರೆ ಡೀಕನ್‌ಗಳಿಗೂ, ವಂದನೆ ಇದೆ. ಒಂದೇ ಊರು, ಆದರೆ ಸಭಾಧ್ಯಕ್ಷರು ಹಲವರು.

ಇದು ಇವತ್ತಿನ ಪಂಡಿತರ ಹೊಸ ಶೋಧವೇನೂ ಅಲ್ಲ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಅವರೇ ಶುರುವಿನಲ್ಲಿ ಇಬ್ಬರೂ ಒಂದೇ ಆಗಿದ್ದರು, ಪಂಗಡ ಒಡೆಯಬಾರದೆಂದು ಆಮೇಲೆ ಒಬ್ಬರನ್ನು ಮೇಲೆ ಕೂರಿಸಿದರು ಎಂದು ಬರೆದಿದ್ದಾರೆ.

ಒಂದು ಊರಿಗೆ ಒಬ್ಬರೇ ಬಿಷಪ್ ಎನ್ನುವ ಪದ್ಧತಿ ಯಾವಾಗ ಬಂತು?

ಎರಡನೇ ಶತಮಾನದ ಆರಂಭದಲ್ಲಿ ಸಿರಿಯಾ ಮತ್ತು ಏಷ್ಯಾ ಮೈನರ್ ಕಡೆ ಇದು ಕಣ್ಣಿಗೆ ಬೀಳುತ್ತದೆ. ಅದನ್ನು ನಮಗೆ ತೋರಿಸುವವರು ಸಿರಿಯಾದ ಅಂತಿಯೋಕ್ಯ ನಗರದ ಬಿಷಪ್ ಇಗ್ನೇಷಿಯಸ್. ಅವರನ್ನು ಬಂಧಿಸಿ, ಕಾಡುಮೃಗಗಳಿಗೆ ಹಾಕಲು ರೋಮಿಗೆ ಸಾಗಿಸುತ್ತಿದ್ದರು. ಕಾವಲಿಗೆ ಹತ್ತು ಸೈನಿಕರು. ಅವರನ್ನು ಹತ್ತು ಚಿರತೆಗಳು ಎಂದು ಇಗ್ನೇಷಿಯಸ್ ಕರೆಯುತ್ತಾರೆ, ಒಳ್ಳೆಯದು ಮಾಡಿದಷ್ಟೂ ಇನ್ನೂ ಕೆಟ್ಟವರಾಗುತ್ತಾರೆ ಎಂದು ನೊಂದುಕೊಳ್ಳುತ್ತಾರೆ. ಆ ದಾರಿಯಲ್ಲೇ ಅವರು ಏಳು ಪತ್ರ ಬರೆದರು.

ಆ ಪತ್ರಗಳಲ್ಲಿ ಮೂರು ಮೆಟ್ಟಿಲು ಸ್ಪಷ್ಟವಾಗಿವೆ. ಒಬ್ಬ ಬಿಷಪ್, ಅವರ ಸುತ್ತ ಹಿರಿಯರ ಮಂಡಳಿ, ಜೊತೆಗೆ ಡೀಕನ್‌ಗಳು. ಸ್ಮುರ್ನದಲ್ಲಿ ತಮ್ಮನ್ನು ನೋಡಲು ಬಂದವರ ಹೆಸರನ್ನೂ ಅವರು ಬರೆದಿದ್ದಾರೆ. ಎಫೆಸದ ಒನೇಸಿಮ, ತ್ರಲ್ಲೆಸಿನ ಪೊಲಿಬಿಯಸ್, ಮಗ್ನೇಸಿಯದ ದಾಮಸ್. ಈ ದಾಮಸ್ ಇನ್ನೂ ಹುಡುಗ ವಯಸ್ಸಿನವರು. ಅವರು ಚಿಕ್ಕವರೆಂದು ಸಲಿಗೆ ತೆಗೆದುಕೊಳ್ಳಬೇಡಿ ಎಂದು ಮಗ್ನೇಸಿಯದವರಿಗೆ ಇಗ್ನೇಷಿಯಸ್ ಬುದ್ಧಿ ಹೇಳುತ್ತಾರೆ. ಇದನ್ನು ಓದಿದಾಗ ಒಂದು ಬದಲಾವಣೆ ಕಣ್ಣೆದುರೇ ನಡೆದಂತೆ ಕಾಣುತ್ತದೆ. ಹಿರಿಯ ಎಂಬ ಹೆಸರು ವಯಸ್ಸಿನದು. ಈಗ ಆ ಹಿರಿಯರೆಲ್ಲ ಒಬ್ಬ ಕಿರಿಯನ ಮಾತು ಕೇಳಬೇಕು.

ಬಿಷಪ್ಪರ ಮಾತು ಕೇಳಿ ಎಂದು ಇಗ್ನೇಷಿಯಸ್ ಅಷ್ಟು ಸಲ ಒತ್ತಿ ಹೇಳುತ್ತಾರೆಂದರೆ, ಕೇಳದವರೂ ಸಾಕಷ್ಟು ಇದ್ದರು ಎಂದೇ ನನಗೆ ಅನಿಸುತ್ತದೆ. ಆರು ಪತ್ರಗಳಲ್ಲಿ ಬಿಷಪ್ಪರ ವಿಷಯ ಎತ್ತುವ ಅವರು ರೋಮಿನವರಿಗೆ ಬರೆದ ಪತ್ರದಲ್ಲಿ ಮಾತ್ರ ಅಲ್ಲಿನ ಬಿಷಪ್ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಸುಮಾರು 96ರ ಹೊತ್ತಿಗೆ ರೋಮಿನ ಸಭೆ ಕೊರಿಂಥಕ್ಕೆ ಬರೆದ ಪತ್ರದಲ್ಲೂ ಹಿರಿಯರು ಎಂದು ಹಲವರ ಮಾತೇ ಇದೆ. ರೋಮಿನಲ್ಲಿ ಒಬ್ಬರೇ ಬಿಷಪ್ ಎನ್ನುವುದು ಗಟ್ಟಿಯಾಗಲು ಇನ್ನೂ ಸಮಯ ಹಿಡಿಯಿತು.

ಒಬ್ಬರ ಕೈಗೆ ಎಲ್ಲ ಯಾಕೆ ಬಂತು?

ದುಡ್ಡು ಒಂದು ಮುಖ್ಯ ಕಾರಣ ಎಂದರೆ ಕೆಲವರಿಗೆ ಬೇಜಾರಾಗಬಹುದು. ಆದರೆ ಇದರಲ್ಲಿ ಕೆಟ್ಟದ್ದೇನೂ ಇಲ್ಲ. 150ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್ ಭಾನುವಾರದ ಆರಾಧನೆ ಹೇಗಿತ್ತೆಂದು ಬರೆದಿದ್ದಾರೆ. ಗ್ರಂಥ ಓದುತ್ತಾರೆ, ಬೋಧನೆ ಆಗುತ್ತದೆ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುತ್ತಾರೆ, ಬರಲಾಗದವರ ಮನೆಗೆ ಡೀಕನ್‌ಗಳು ಒಯ್ಯುತ್ತಾರೆ. ಆಮೇಲೆ ಉಳ್ಳವರು ಕೊಟ್ಟ ಕಾಣಿಕೆಯನ್ನು ಸಭೆ ನಡೆಸುವವರ ಹತ್ತಿರ ಇಡುತ್ತಾರೆ. ಅನಾಥರು, ವಿಧವೆಯರು, ಕಾಯಿಲೆಯವರು, ಜೈಲಿನಲ್ಲಿರುವವರು, ಪರ ಊರಿನಿಂದ ಬಂದವರು, ಎಲ್ಲರನ್ನೂ ಅವರೇ ನೋಡಿಕೊಳ್ಳಬೇಕು. ಅಂಥ ಹಣಕ್ಕೆ ಒಬ್ಬರು ಉತ್ತರ ಹೇಳಬೇಕಲ್ವಾ?

ಇನ್ನೊಂದು ಕಾರಣ ಬೋಧನೆಯ ಜಗಳ. ನನಗೆ ಅಪೊಸ್ತಲರು ಗುಟ್ಟಾಗಿ ಹೇಳಿದ್ದಾರೆ ಎನ್ನುವ ಗುರುಗಳು ಎರಡನೇ ಶತಮಾನದಲ್ಲಿ ಜಾಸ್ತಿಯಾದರು. 180ರ ಸುಮಾರಿಗೆ ಲಿಯಾನ್ ಊರಿನ ಬಿಷಪ್ ಐರೇನಿಯಸ್ ಇದಕ್ಕೆ ಕೊಟ್ಟ ಉತ್ತರ ಸರಳ. ಗುಟ್ಟು ಇದ್ದಿದ್ದರೆ ಅಪೊಸ್ತಲರು ಅದನ್ನು ಸಭೆಗಳನ್ನು ಒಪ್ಪಿಸಿದವರಿಗೇ ಹೇಳುತ್ತಿದ್ದರು. ಹಾಗೆಂದು ಅವರು ರೋಮಿನ ಬಿಷಪ್ಪರ ಪಟ್ಟಿಯನ್ನೇ ಮುಂದಿಟ್ಟರು. ಅಲ್ಲಿಂದ ಮುಂದೆ ಬಿಷಪ್ ಎಂದರೆ ಪರಂಪರೆಯ ಸಾಕ್ಷಿ ಕೂಡ.

ಡೀಕನ್‌ಗಳ ಕೆಲಸ ಏನಾಗಿತ್ತು?

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದ ಏಳು ಮಂದಿಯಿಂದ ಎಲ್ಲರೂ ಶುರುಮಾಡುತ್ತಾರೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಮೋಸವಾಗುತ್ತಿದೆ ಎಂಬ ದೂರು ಬಂತು, ಸ್ತೆಫನ ಮೊದಲಾದ ಏಳು ಜನರನ್ನು ಆರಿಸಿದರು. ಗಮನಿಸಿ, ಅಲ್ಲಿ ಅವರನ್ನು ಡೀಕನ್ ಎಂದು ಕರೆದಿಲ್ಲ. ಬಡಿಸುವುದು ಎಂಬ ಕ್ರಿಯಾಪದ ಮಾತ್ರ ಇದೆ. ಆದರೂ ಏಳು ಎಂಬ ಸಂಖ್ಯೆ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು.

251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ತಮ್ಮ ಸಭೆಯ ಲೆಕ್ಕವನ್ನು ಒಂದು ಪತ್ರದಲ್ಲಿ ಕೊಟ್ಟಿದ್ದಾರೆ. 46 ಪ್ರೆಸ್ಬಿಟರ್‌ಗಳು, 7 ಡೀಕನ್‌ಗಳು, 7 ಉಪಡೀಕನ್‌ಗಳು, 42 ಅಕೊಲೈಟ್‌ಗಳು (ಆರಾಧನೆಯಲ್ಲಿ ನೆರವಾಗುವವರು), ದೆವ್ವ ಬಿಡಿಸುವವರು, ಓದುವವರು, ಬಾಗಿಲು ಕಾಯುವವರು ಸೇರಿ 52. ಇವರ ಜೊತೆಗೆ ಸಭೆಯ ಅನ್ನ ತಿನ್ನುತ್ತಿದ್ದ ವಿಧವೆಯರು ಮತ್ತು ಬಡವರು 1500ಕ್ಕೂ ಹೆಚ್ಚು. ಊರು ಎಷ್ಟು ದೊಡ್ಡದಾದರೂ ಡೀಕನ್ ಮಾತ್ರ ಏಳೇ! ದಾನದ ವ್ಯವಹಾರ ಅವರ ಕೈಯಲ್ಲಿದ್ದದ್ದರಿಂದ, ಎಷ್ಟೋ ಸಲ ಪ್ರೆಸ್ಬಿಟರ್‌ಗಳಿಗಿಂತ ಅವರ ಮಾತೇ ನಡೆಯುತ್ತಿತ್ತು.

ಹೆಂಗಸರಿಗೆ ಈ ಹೆಸರುಗಳು ಇದ್ದವಾ?

ಇದ್ದವು. ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆಗೆಯಿರಿ. ಕೊರಿಂಥದ ಪೂರ್ವ ಬಂದರು ಕೆಂಕ್ರೆ. ಅಲ್ಲಿನ ಸಭೆಯ ದಿಯಾಕೊನೊಸ್ ಫೊಯಿಬೆ ಎಂದು ಪೌಲರು ಪರಿಚಯ ಮಾಡಿಕೊಡುತ್ತಾರೆ. ಗಂಡಸರಿಗೆ ಬಳಸುವ ಅದೇ ಪದ. ಆಕೆ ತನಗೂ ಇನ್ನೂ ಅನೇಕರಿಗೂ ನೆರವಾದವಳು, ಆಕೆಗೆ ಬೇಕಾದದ್ದನ್ನೆಲ್ಲ ಮಾಡಿಕೊಡಿ ಎಂದೂ ಕೇಳಿಕೊಳ್ಳುತ್ತಾರೆ. ಆ ಪತ್ರವನ್ನು ರೋಮಿಗೆ ಒಯ್ದವಳು ಫೊಯಿಬೆಯೇ ಎಂದು ಹೆಚ್ಚಿನ ಪಂಡಿತರು ಒಪ್ಪುತ್ತಾರೆ. ಅದೇ ಅಧ್ಯಾಯದಲ್ಲಿ ಅಂದ್ರೋನಿಕನ ಜೊತೆ ಯೂನ್ಯ ಎಂಬ ಹೆಸರಿದೆ, ಅಪೊಸ್ತಲರಲ್ಲಿ ಹೆಸರಾದವರು ಎಂಬ ಮಾತಿನೊಂದಿಗೆ. ನಡುಗಾಲದಿಂದೀಚೆಗೆ ಕೆಲವರು ಇದನ್ನು ಗಂಡಸಿನ ಹೆಸರಾಗಿ ಓದಿದರು. ನಾಲ್ಕನೇ ಶತಮಾನದ ಜಾನ್ ಕ್ರಿಸೊಸ್ತೊಮರಿಗೆ ಅಂಥ ಅನುಮಾನವೇ ಇರಲಿಲ್ಲ. ಅಪೊಸ್ತಲಳು ಎನಿಸಿಕೊಳ್ಳಲು ಈ ಹೆಂಗಸಿನ ಜ್ಞಾನ ಎಷ್ಟಿರಬೇಕು ಎಂದು ಅವರು ಮೆಚ್ಚಿಕೊಂಡಿದ್ದಾರೆ.

112ರ ಸುಮಾರಿಗೆ ಕಪ್ಪು ಸಮುದ್ರದ ದಂಡೆಯ ಬಿಥುನಿಯದಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರೈಸ್ತರ ವಿಚಾರಣೆ ನಡೆಸಿದ. ಸತ್ಯ ಬಾಯಿ ಬಿಡಿಸಲು ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಟ್ಟೆ, ಅವರನ್ನು ಮಿನಿಸ್ತ್ರೆ ಎಂದು ಕರೆಯುತ್ತಾರೆ ಎಂದು ಚಕ್ರವರ್ತಿ ತ್ರಾಜನನಿಗೆ ವರದಿ ಬರೆದ. ಮಿನಿಸ್ತ್ರೆ ಎಂದರೆ ಸೇವಕಿಯರು, ದಿಯಾಕೊನೊಸ್ ಪದಕ್ಕೆ ಸರಿಹೊಂದುವ ಲ್ಯಾಟಿನ್. ಯಜಮಾನನ ಮನೆಯಲ್ಲಿ ಗುಲಾಮರು. ಸಭೆಯಲ್ಲಿ ಹೆಸರಿರುವವರು. ಅವರಿಂದ ಏನೂ ಸಿಗಲಿಲ್ಲ, ಬರೀ ಮಿತಿಮೀರಿದ ಮೂಢನಂಬಿಕೆ ಎಂದು ಪ್ಲಿನಿ ಕೈತೊಳೆದುಕೊಂಡ.

ಮೂರನೇ ಶತಮಾನದಲ್ಲಿ ಸಿರಿಯಾದಲ್ಲಿ ಹೆಂಗಸರ ದೀಕ್ಷಾಸ್ನಾನಕ್ಕೆ ನೆರವಾಗಲು, ಗಂಡಸರು ಹೋಗಬಾರದ ಮನೆಗಳಿಗೆ ಹೋಗಿ ಕಾಯಿಲೆಯವರನ್ನು ನೋಡಲು ಮಹಿಳಾ ಡೀಕನ್‌ಗಳಿದ್ದರು. 451ರಲ್ಲಿ ಖಲ್ಸೆದೋನಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ 40 ವರ್ಷ ತುಂಬದೆ ಅವರನ್ನು ನೇಮಿಸಬಾರದೆಂದು ನಿಯಮ ಮಾಡಿತು. ಜೆರುಸಲೇಮಿನ ಆಲಿವ್ ಗುಡ್ಡದಲ್ಲಿ ಸಿಕ್ಕ ಒಂದು ಸಮಾಧಿ ಶಾಸನದಲ್ಲಿ ಸೋಫಿಯಾ ಎಂಬ ಡೀಕನ್‌ಳನ್ನು ಎರಡನೇ ಫೊಯಿಬೆ ಎಂದು ಕರೆದಿದ್ದಾರೆ. ಕೆಂಕ್ರೆಯ ಹೆಂಗಸು ಅಷ್ಟು ಕಾಲ ಜನರ ಬಾಯಲ್ಲಿ ಉಳಿದಿದ್ದಳು.

ಪ್ರವಾದಿಗಳು ಮತ್ತು ಊರೂರು ತಿರುಗುವ ಅಪೊಸ್ತಲರು ಏನಾದರು?

ದಿದಖೆ ಎಂಬ ತುಂಬ ಹಳೆಯ ಪುಟ್ಟ ಕೈಪಿಡಿ ಇದೆ. ಅದರ ಪ್ರತಿ 1873ರಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ಸಿಕ್ಕಿತು. ಅದರಲ್ಲಿ ಅಪೊಸ್ತಲ ಎಂದರೆ ಹನ್ನೆರಡು ಮಂದಿ ಮಾತ್ರವಲ್ಲ, ಸುತ್ತಾಡುತ್ತಾ ಬರುವ ಬೋಧಕರು. ಅವರು ಬಂದರೆ ಸ್ವಾಮಿಯೇ ಬಂದಂತೆ ಬರಮಾಡಿಕೊಳ್ಳಿ ಎನ್ನುತ್ತದೆ. ಆದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಬುತ್ತಿ ಕೊಡಿ, ಅಷ್ಟೇ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಎಷ್ಟು ಜನರಿಂದ ಮೋಸ ಹೋಗಿ ಬರೆದ ನಿಯಮಗಳೋ ಇವು!

ಅದೇ ಕೈಪಿಡಿ ಕೊನೆಯ ಕಡೆಗೆ, ನಿಮಗೆ ನೀವೇ ಸಭಾಧ್ಯಕ್ಷರನ್ನೂ ಸಭಾಸೇವಕರನ್ನೂ ಆರಿಸಿಕೊಳ್ಳಿ, ಅವರನ್ನು ಕಡೆಗಣಿಸಬೇಡಿ ಎನ್ನುತ್ತದೆ. ತಿರುಗುವವರ ಜಾಗಕ್ಕೆ ಊರಿನಲ್ಲೇ ಇರುವವರು ಬರುತ್ತಿದ್ದ ಕಾಲ ಅದು.

ಯಾಜಕ ಎಂಬ ಪದ ಯಾವಾಗ ಸೇರಿತು?

ಹೊಸ ಒಡಂಬಡಿಕೆಯಲ್ಲಿ ಯೇಸುವನ್ನು ಮಹಾಯಾಜಕ ಎನ್ನುತ್ತಾರೆ, ನಂಬಿದವರೆಲ್ಲರನ್ನೂ ಸೇರಿಸಿ ಯಾಜಕ ವರ್ಗ ಎನ್ನುತ್ತಾರೆ. ಸಭೆಯ ಒಬ್ಬ ಹಿರಿಯನನ್ನು ಮಾತ್ರ ಬೇರೆಯಾಗಿ ಯಾಜಕ ಎಂದು ಕರೆಯುವುದಿಲ್ಲ. ಎರಡನೇ ಶತಮಾನದ ಕೊನೆ, ಮೂರನೇ ಶತಮಾನದಲ್ಲಿ, ಉತ್ತರ ಆಫ್ರಿಕಾದ ತೆರ್ತುಲಿಯನ್, ಸಿಪ್ರಿಯನ್ ಅವರ ಬರಹಗಳಲ್ಲಿ ಬಿಷಪ್ಪರಿಗೆ ಯಾಜಕ ಎಂಬ ಅರ್ಥದ ಸಸೆರ್ದೋಸ್ ಎಂಬ ಪದ ಬರುತ್ತದೆ. ಆಮೇಲೆ ಅದು ಪ್ರೆಸ್ಬಿಟರ್‌ಗಳಿಗೂ ಇಳಿಯಿತು.

ಪಾದ್ರಿ ವರ್ಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ಕ್ಲರ್ಜಿ ಎಂಬ ಪದಕ್ಕೆ ಚೀಟಿ ಎತ್ತುವುದರ ಜೊತೆ ಸಂಬಂಧ ಇದೆ ಅಂತಾರೆ, ನಿಜವಾ?

ನಿಜ. ಗ್ರೀಕಿನ ಕ್ಲೇರೊಸ್ ಎಂದರೆ ಚೀಟಿ, ಪಾಲಿಗೆ ಬಂದ ಭಾಗ. ಯೇಸುವಿಗೆ ದ್ರೋಹ ಮಾಡಿದ ಯೂದನ ಜಾಗಕ್ಕೆ ಮತ್ತೀಯನನ್ನು ಚೀಟು ಹಾಕಿಯೇ ಆರಿಸಿದರು. ಕ್ಲರ್ಕ್ ಎಂಬ ಪದವೂ ಇದೇ ಬೇರಿನದು, ಯಾಕಂದರೆ ಯುರೋಪಿನಲ್ಲಿ ಬಹಳ ಕಾಲ ಓದು ಬರಹ ಬಲ್ಲವರು ಹೆಚ್ಚಾಗಿ ಚರ್ಚಿನವರೇ.

ಪೋಪ್ ಎಂದರೆ ಮೊದಲಿನಿಂದಲೂ ರೋಮಿನವರಾ?

ಇಲ್ಲ. ಪಾಪ್ಪಾಸ್ ಎಂದರೆ ಗ್ರೀಕ್ ಮಕ್ಕಳು ಅಪ್ಪನನ್ನು ಕರೆಯುವ ಮಾತು. ಪ್ರೀತಿಯಿಂದ ಬಿಷಪ್ಪರನ್ನೂ ಹಾಗೆ ಕರೆಯುತ್ತಿದ್ದರು. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಡಯೊನೀಷಿಯಸ್ ತಮಗಿಂತ ಹಿಂದಿನ ಬಿಷಪ್ ಹೆರಾಕ್ಲಾಸರನ್ನು ನಮ್ಮ ಪಾಪಾ ಎಂದು ನೆನೆಯುತ್ತಾರೆ. 250ರಲ್ಲಿ ರೋಮಿನ ಬಿಷಪ್ ಫೇಬಿಯನ್ ಹುತಾತ್ಮರಾಗಿ ಆ ಸ್ಥಾನ ಖಾಲಿಯಿತ್ತು. ಆಗ ರೋಮಿನ ಪ್ರೆಸ್ಬಿಟರ್‌ಗಳೂ ಡೀಕನ್‌ಗಳೂ ಸೇರಿ ಕಾರ್ಥೇಜಿನ ಬಿಷಪ್ಪರಿಗೆ ಪತ್ರ ಬರೆದರು. ಮೇಲೆ ಏನೆಂದು ಬರೆದರು ಗೊತ್ತಾ? ಪಾಪಾ ಸಿಪ್ರಿಯನ್ ಅವರಿಗೆ ಎಂದು. ರೋಮಿನವರೇ ಬೇರೆ ಊರಿನ ಬಿಷಪ್ಪರನ್ನು ಹಾಗೆ ಕರೆದದ್ದು!

ರೋಮಿನಲ್ಲಿ ಮೂರನೇ ಶತಮಾನದ ಕೊನೆಯ ಹೊತ್ತಿಗೆ, ಡೀಕನ್ ಸೆವೆರಸ್ ಕೆತ್ತಿಸಿದ ಶಾಸನದಲ್ಲಿ ಅಲ್ಲಿನ ಬಿಷಪ್ಪರಿಗೆ ಪಾಪಾ ಮಾರ್ಸೆಲಿನಸ್ ಎಂದಿದೆ. ನಿಧಾನವಾಗಿ ಪಶ್ಚಿಮದಲ್ಲಿ ಅದು ರೋಮಿಗೆ ಅಂಟಿಕೊಂಡಿತು. ಈ ಹೆಸರು ಲೋಕದಲ್ಲಿ ಒಬ್ಬರಿಗೇ ಸೇರಿದ್ದು ಎಂದು ರೋಮಿನ ಪೋಪ್ ಏಳನೇ ಗ್ರೆಗೊರಿಯವರ ಕಾಲದಲ್ಲಿ, 1075ರಲ್ಲಿ, ದಾಖಲೆಗೆ ಬಂತು. ಈಜಿಪ್ಟಿನ ಕೋಪ್ಟಿಕ್ ಚರ್ಚಿನ ಮುಖ್ಯಸ್ಥರು ಇವತ್ತಿಗೂ ಪೋಪ್. ಗ್ರೀಸಿನ ಹಳ್ಳಿಗಳಲ್ಲಿ ಚರ್ಚಿನ ಸಾಮಾನ್ಯ ಪಾದ್ರಿಯೂ ಪಪಾಸ್.

ಮೆತ್ರಾಪೊಲೀತ, ಪೇಟ್ರಿಯಾರ್ಕ್, ಕಾತೋಲಿಕೋಸ್ ಎಂಬ ಹೆಸರುಗಳು?

ಇವು ಹೆಚ್ಚಾಗಿ ರೋಮನ್ ಸರ್ಕಾರದ ನಕ್ಷೆಯನ್ನು ಹಿಡಿದು ಬಂದವು. ಪ್ರಾಂತ್ಯದ ಮುಖ್ಯ ಊರು ತಾಯಿ ಊರು, ಅಂದರೆ ಮೆತ್ರಾಪೊಲಿಸ್. ಅಲ್ಲಿನ ಬಿಷಪ್ ಮೆತ್ರಾಪೊಲೀತ. 325ರ ನಿಕಾಯ ಮಹಾಸಭೆ ಹೊಸ ಬಿಷಪ್ಪರ ನೇಮಕಕ್ಕೆ ಕನಿಷ್ಠ ಮೂವರು ಬಿಷಪ್ಪರು ಬೇಕು, ಮೆತ್ರಾಪೊಲೀತರ ಒಪ್ಪಿಗೆ ಬೇಕು ಎಂದಿತು. ರೋಮ್, ಅಲೆಕ್ಸಾಂಡ್ರಿಯ, ಅಂತಿಯೋಕ್ಯಗಳ ಹಳೆಯ ಹಿರಿತನವನ್ನು ಒಪ್ಪಿತು. ಆಮೇಲೆ ಕಾನ್ಸ್ಟಾಂಟಿನೋಪಲ್, ಜೆರುಸಲೇಮ್ ಸೇರಿ ಐದು ಪೇಟ್ರಿಯಾರ್ಕ್ ಪೀಠಗಳಾದವು, ಅಂದರೆ ದೊಡ್ಡ ಪ್ರದೇಶಗಳಿಗೆ ಮುಖ್ಯಸ್ಥರಾದ ಬಿಷಪ್ಪರ ಸ್ಥಾನಗಳು. ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೆ ಹೇಳುವ ಡಯಸೀಸ್ ಎಂಬುದು ಕೂಡ ಸರ್ಕಾರಿ ವಿಭಾಗದ ಹೆಸರೇ.

ಪರ್ಷಿಯಾದ ಕ್ರೈಸ್ತರು ರೋಮನ್ ಗಡಿಯ ಆಚೆಗಿದ್ದರು. ಅಲ್ಲಿ ಸೆಲ್ಯೂಸಿಯ ಕ್ಟೆಸಿಫೋನ್ ನಗರದ ಬಿಷಪ್ ಎಲ್ಲರಿಗೂ ಮುಖ್ಯಸ್ಥರು ಎಂದು 410ರ ಸಭೆ ತೀರ್ಮಾನಿಸಿತು. ಕಾತೋಲಿಕೋಸ್ ಎಂಬ ಹೆಸರು ಆ ಪೀಠಕ್ಕೆ ಸೇರಿದ್ದು. ಕೇರಳದ ಸಿರಿಯನ್ ಕ್ರೈಸ್ತರಿಗೆ ಈ ಪೂರ್ವದ ನಂಟಿತ್ತು. ಅಲ್ಲಿ ಡೀಕನ್‌ನನ್ನು ಶೆಮ್ಮಾಶನ್ ಎನ್ನುತ್ತಾರೆ, ಅದು ಸೇವೆ ಮಾಡುವವನು ಎಂಬ ಅರ್ಥದ ಸಿರಿಯಾಕ್ ಪದ. ಸಿರಿಯಾಕ್‌ನಲ್ಲಿ ಪ್ರೆಸ್ಬಿಟರ್‌ಗೆ ಕಶೀಶಾ, ಅಂದರೆ ಮತ್ತೆ ಹಿರಿಯನೇ. ನಮ್ಮ ಉಡುಪಿ ಬಳಿಯ ಬ್ರಹ್ಮಾವರದಲ್ಲೂ ಸಿರಿಯನ್ ಆರ್ಥಡಾಕ್ಸ್ ಸಮುದಾಯ ಇದೆ. 1889ರಲ್ಲಿ ಮೆತ್ರಾಪೊಲೀತರಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಕಾಲದಿಂದ ಬಂದದ್ದು.

ಬಿಷಪ್ಪರನ್ನು ಯಾರು ಆರಿಸುತ್ತಿದ್ದರು?

ಊರಿನ ಜನ, ಪಾದ್ರಿಗಳು, ಅಕ್ಕಪಕ್ಕದ ಬಿಷಪ್ಪರು, ಮೂವರೂ ಸೇರಿ. ಜನರ ಕೂಗಿಗೆ ಬೆಲೆಯಿತ್ತು. 374ರಲ್ಲಿ ಮಿಲಾನಿನಲ್ಲಿ ಎರಡು ಪಂಗಡಗಳು ಜಗಳಕ್ಕೆ ನಿಂತಿದ್ದವು. ಶಾಂತಿ ಕಾಪಾಡಲು ಬಂದ ರಾಜ್ಯಪಾಲ ಅಂಬ್ರೋಸ್ ಅವರನ್ನೇ ಬಿಷಪ್ ಮಾಡಿ ಎಂದು ಜನ ಕೂಗಿದರು. ಅವರಿಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ. ಬೇಡವೆಂದರೂ ಬಿಡಲಿಲ್ಲ. ದೀಕ್ಷಾಸ್ನಾನ ಆಗಿ ಸುಮಾರು ಒಂದು ವಾರಕ್ಕೆ ಬಿಷಪ್ ಆದರು. ಅವರಿಂದಲೇ ದೀಕ್ಷಾಸ್ನಾನ ಪಡೆದ ಅಗಸ್ಟೀನ್ ಮುಂದೆ ಹಿಪ್ಪೋ ನಗರದ ಬಿಷಪ್ ಆಗಿ ಬರೆದ ಮಾತು ನನಗೆ ಬಹಳ ಇಷ್ಟ: ಎಪಿಸ್ಕೊಪೊಸ್ ಎಂಬುದು ಕೆಲಸದ ಹೆಸರು, ಗೌರವದ ಹೆಸರಲ್ಲ.

ಯಾರನ್ನೂ ತಂದೆ ಎಂದು ಕರೆಯಬೇಡಿ ಎಂದು ಯೇಸುವೇ ಹೇಳಿದ್ದಾರೆ. ಮತ್ತೆ ಫಾದರ್ ಅನ್ನುವುದು ಯಾಕೆ?

ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಆ ಮಾತಿದೆ. ಈ ಬಗ್ಗೆ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಹಳೆಯ ವಾದ. ಕೆಲವರಿಗೆ ಅದು ಪದದ ಮೇಲೆಯೇ ಹೇರಿದ ನಿಷೇಧ. ಇನ್ನು ಕೆಲವರಿಗೆ ಅದು ದೊಡ್ಡಸ್ತಿಕೆಯ ಮೇಲಿನದು, ಯಾಕಂದರೆ ಪೌಲರೇ ಕೊರಿಂಥದವರಿಗೆ ನಾನು ನಿಮ್ಮ ತಂದೆಯಾದೆ ಎಂದು ಬರೆದಿದ್ದಾರೆ. ನಾನು ಎರಡನೆಯ ಕಡೆಯವನು. ಆದರೆ ಮೊದಲನೆಯವರ ಎಚ್ಚರಿಕೆಯನ್ನು ಸುಮ್ನೆ ತಳ್ಳಿಹಾಕಲಾರೆ.

ಕನ್ನಡದಲ್ಲಿ ಪಾದ್ರಿ, ಸಭಾಪಾಲಕ, ಧರ್ಮಾಧ್ಯಕ್ಷ ಎಂದೆಲ್ಲ ಯಾಕೆ?

ಬಂದ ದಾರಿ ಬೇರೆ ಬೇರೆ. ಪಾದ್ರಿ ಪೋರ್ಚುಗೀಸರದು, ಅರ್ಥ ಅಪ್ಪ. ಕರಾವಳಿಯ ಕೊಂಕಣಿಯವರ ಬಿಸ್ಪ್ ಕೂಡ ಅದೇ ದಾರಿಯಲ್ಲಿ ಬಂದದ್ದು. ಕ್ಯಾಥೊಲಿಕರು ಬಿಷಪ್ಪರನ್ನು ಧರ್ಮಾಧ್ಯಕ್ಷರು ಎನ್ನುತ್ತಾರೆ. ಸಭಾಪಾಲಕ ಪ್ರಾಟೆಸ್ಟೆಂಟರ ಮಾತು, ಪಾಸ್ಟರ್ ಎಂಬುದಕ್ಕೆ ಸರಿಯಾಗಿ. ಪಾಸ್ಟರ್ ಎಂದರೆ ಲ್ಯಾಟಿನ್ನಿನಲ್ಲಿ ಕುರಿ ಕಾಯುವವನು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದವು. ಬಿಷಪ್ ಇದ್ದವರೂ ಬೇಡವೆಂದವರೂ ಸೇರಿ, ಬಿಷಪ್ ಇರಲಿ, ಹಿರಿಯರ ಮಾತೂ ನಡೆಯಲಿ ಎಂದು ಒಪ್ಪಿಕೊಳ್ಳಲು ವರ್ಷಗಟ್ಟಲೆ ಮಾತುಕತೆ ನಡೆದಿತ್ತು. ಮಿಲೇತದ ಆ ಎರಡು ಹೆಸರುಗಳು ಅಲ್ಲೂ ಎದುರುಬದುರು ಕೂತಿದ್ದವು.

ಚಿಕ್ಕ ಹುದ್ದೆಯವರ ಬಗ್ಗೆ ಏನಾದರೂ ಗೊತ್ತಿದೆಯಾ?

ಒಂದು ದಾಖಲೆ ಇದೆ. ಇವತ್ತಿನ ಅಲ್ಜೀರಿಯಾದ ಕಾನ್ಸ್ಟಂಟೀನ್ ನಗರಕ್ಕೆ ಆಗ ಸಿರ್ತಾ ಎಂಬ ಹೆಸರು. 303ರ ಮೇ 19ರಂದು ಅಧಿಕಾರಿಗಳು ಕ್ರೈಸ್ತರು ಸೇರುವ ಮನೆಗೆ ನುಗ್ಗಿದರು. ಗ್ರಂಥಗಳನ್ನೆಲ್ಲ ಒಪ್ಪಿಸಬೇಕೆಂದು ಚಕ್ರವರ್ತಿಯ ಆಜ್ಞೆ. ಗುಮಾಸ್ತರು ಅಲ್ಲಿದ್ದವರ ಹೆಸರು ಬರೆದುಕೊಂಡರು. ಬಿಷಪ್ ಪೌಲ್, ಪ್ರೆಸ್ಬಿಟರ್‌ಗಳು, ಡೀಕನ್‌ಗಳು, ಉಪಡೀಕನ್‌ಗಳು, ಕೊನೆಗೆ ಗೋರಿ ತೋಡುವವರು. ಅವರೂ ಸಭೆಯ ಕೆಲಸದವರೇ.

ಆಮೇಲೆ ಮಹಜರು. ಎರಡು ಚಿನ್ನದ ಪಾತ್ರೆ, ಆರು ಬೆಳ್ಳಿ ಪಾತ್ರೆ, ದೀಪಗಳು. ಹೆಂಗಸರ ನಿಲುವಂಗಿ 82, ಮುಸುಕು 38, ಗಂಡಸರ ನಿಲುವಂಗಿ 16, ಗಂಡಸರ ಮೆಟ್ಟು 13 ಜೊತೆ, ಹೆಂಗಸರ ಮೆಟ್ಟು 47 ಜೊತೆ. ಬಡವರಿಗೆ ಹಂಚಲು ಇಟ್ಟ ಬಟ್ಟೆಬರೆ ಇರಬೇಕು ಅವು. ಗ್ರಂಥಗಳೆಲ್ಲಿ ಎಂದರೆ, ಓದುವವರ ಹತ್ತಿರ ಇವೆ ಎಂದರು ಬಿಷಪ್. ಓದುವವರು ಅಂದರೆ ಆರಾಧನೆಯಲ್ಲಿ ಗ್ರಂಥ ಓದುವ ಕೆಲಸದವರು, ಗ್ರಂಥ ಅವರ ಮನೆಯಲ್ಲೇ ಇರುತ್ತಿತ್ತು. ಅವರ ಮನೆ ತೋರಿಸಿ ಎಂದಾಗ ಇಬ್ಬರು ಉಪಡೀಕನ್‌ಗಳು, ನಾವು ದ್ರೋಹಿಗಳಲ್ಲ, ಇಗೋ ಇಲ್ಲಿದ್ದೇವೆ, ನಮ್ಮನ್ನು ಕೊಲ್ಲಿಸಿ ಎಂದರು. ಅವರನ್ನು ಹಿಡಿದರು. ಬೇರೆಯವರು ಮನೆ ತೋರಿಸಿದರು.

ಅಧಿಕಾರಿಗಳು ಮನೆ ಮನೆಗೆ ಹೋದರು. ಒಬ್ಬ ಐದು ಗ್ರಂಥ ಕೊಟ್ಟ, ಇನ್ನೊಬ್ಬ ಎಂಟು. ಕೊನೆಗೆ ಕೊದ್ದಿಯೋ ಎಂಬ ಓದುಗನ ಮನೆಗೆ ಬಂದರು. ಒಳಗಿನಿಂದ ಅವನ ಹೆಂಡತಿ ಆರು ಗ್ರಂಥಗಳನ್ನು ತಂದುಕೊಟ್ಟಳು. ಇನ್ನೂ ಇವೆಯಾ ಎಂದು ಕೇಳಿದರು. ಇಲ್ಲ ಎಂದಳು. ಮನೆಯೊಳಗೆ ಹುಡುಕಿಸಿದರೂ ಏನೂ ಸಿಗಲಿಲ್ಲ. ಆಕೆಯ ಹೆಸರನ್ನು ಗುಮಾಸ್ತರು ಬರೆದುಕೊಳ್ಳಲಿಲ್ಲ.